ಒಂದೇ ಗಂಟಲಿನಲ್ಲಿ ಅರಮನೆಯೂ ಬೇಕರಿಯೂ

ಬೇಕರಿಯ ಹುಡುಗಿಯಂತೆ ನಟಿಸುತ್ತಿರುವ ರಾಜಕುಮಾರಿ ಯಾರ ದನಿಯಲ್ಲಿ ಮಾತನಾಡಬೇಕು?

ಹನ್ನೆರಡು ವರ್ಷಗಳ ಹಿಂದೆ, ಒಂದು ಮಧ್ಯಾಹ್ನ, ನನ್ನ ಚಿಕ್ಕಮ್ಮ ಫೋನು ಮಾಡಿ ಈ ಪ್ರಶ್ನೆ ಕೇಳಿದಳು. ಚಿಕ್ಕಮ್ಮನೆಂದರೆ ನನ್ನ ತಾಯಿಯ ಒಡಹುಟ್ಟಿದ ತಂಗಿ. ಪರದೇಶದ ಚಿತ್ರಗಳಿಗೆ ನಮ್ಮ ಭಾಷೆಯಲ್ಲಿ ದನಿ ಕೊಡುವುದು ಅವಳ ಉದ್ಯೋಗ.

"ಅವಳದೇ ದನೀಲಿ ಮಾತಾಡಿದ್ರೆ ಬೇಕರಿಯವರಿಗೆ ಗುರುತು ಸಿಕ್ಕಿಬಿಡುತ್ತೆ. ಬೇಕರಿಯವಳ ದನೀಲಿ ಮಾತಾಡಿದ್ರೆ, ನೋಡೋರಿಗೆ ಇವಳು ರಾಜಕುಮಾರಿ ಅನ್ನೋದೇ ಮರೆತುಹೋಗುತ್ತೆ. ಹೇಳಪ್ಪ, ಅಷ್ಟೊಂದು ವಿಜ್ಞಾನ ಓದ್ತೀಯಲ್ಲ."

ನಾನು ಧ್ವನಿತಂತುಗಳ ಉದ್ದ, ಕಂಪನದ ವೇಗ ಎಂದೇನೋ ಆರಂಭಿಸಿದೆ.

"ಗಂಟಲಿನ ಅಳತೆ ಕೇಳಲಿಲ್ಲ ಕಣೋ. ಬಟ್ಟೆ ಹೊಲಿಸ್ತೀನಾ ಅದಕ್ಕೆ? ಯಾರ ದನಿ ಅಂತ ಹೇಳು."

ನನಗೆ ತಿಳಿಯದು ಎಂದು ಒಪ್ಪಿಕೊಂಡೆ. ಇಂದಿಗೂ ನನ್ನದು ಅದೇ ಉತ್ತರ. ಆದರೆ ಅವಳಿಗೆ ಅಂದು ಉತ್ತರ ಸಿಗಲೇಬೇಕಾಗಿತ್ತು, ಅದೂ ಮರುದಿನ ಬೆಳಗಾಗುವುದರೊಳಗೆ. ಏಕೆಂಬುದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಚಿಕ್ಕಮ್ಮ ಆ ಸ್ಟುಡಿಯೊಗೆ ಮೊದಲು ಕಾಲಿಟ್ಟದ್ದು ಬೆರಳಚ್ಚುಗಾರ್ತಿಯಾಗಿ. ಸಂಭಾಷಣೆಯ ಹಾಳೆಗಳನ್ನು ಅಚ್ಚು ಮಾಡಿ, ಮೂಲೆಗೆ ಗುಂಡುಸೂಜಿ ಚುಚ್ಚಿ ಕೊಟ್ಟು ಹೋಗುವುದು ಅವಳ ಕೆಲಸವಾಗಿತ್ತು. ಒಂದು ದಿನ, ನಗಬೇಕಾಗಿದ್ದ ಕಲಾವಿದೆಗೆ ಎಷ್ಟು ಮಾಡಿದರೂ ನಗು ಬರಲಿಲ್ಲ. ಬಂದದ್ದೆಲ್ಲ ಕೆಮ್ಮಿನಂತೆ ಕೇಳುತ್ತಿತ್ತು. ಅದನ್ನು ಕೇಳಿ, ದನಿ ಕೊಡುವ ಕೋಣೆಯ ಗಾಜಿನ ಈಚೆ ಹಾಳೆ ಹಿಡಿದು ನಿಂತಿದ್ದ ಚಿಕ್ಕಮ್ಮನಿಗೆ ನಗು ತಡೆಯಲಾಗಲಿಲ್ಲ. ಧ್ವನಿಮುದ್ರಣದ ಯಂತ್ರದ ಮುಂದೆ ಕುಳಿತಿದ್ದವರು ತಿರುಗಿ ನೋಡಿ, "ಆ ನಗೂನ ಒಳಗೆ ಕಳಿಸಿ" ಎಂದರು. ಹೀಗೆ ಬೆರಳಿನಿಂದ ಬದುಕುತ್ತಿದ್ದವಳು ಗಂಟಲಿನಿಂದ ಬದುಕತೊಡಗಿದಳು.

ಯಂತ್ರದ ಮುಂದೆ ಕುಳಿತಿದ್ದವರನ್ನು ಎಲ್ಲರೂ ಕಿವಿರಾಯರೆಂದೇ ಕರೆಯುತ್ತಿದ್ದರು. ಪಕ್ಕದ ಕೋಣೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರೆ ಅದು ಉಪ್ಪಿನದೋ ಸಿಹಿಯದೋ ಹೇಳಬಲ್ಲವರೆಂದು ಅವರ ಖ್ಯಾತಿ. ನಾನು ಪರೀಕ್ಷಿಸಿ ನೋಡಿಲ್ಲ. ಅವರ ಕೋಣೆಗೆ ಹೋಗುವವರು ಬಳೆ ಬಿಚ್ಚಿಡಬೇಕು, ಸರಬರ ಎನ್ನುವ ಬಟ್ಟೆ ಉಡಬಾರದು, ಹಸಿದ ಹೊಟ್ಟೆಯಲ್ಲಂತೂ ಹೋಗಲೇಬಾರದು. ಒಮ್ಮೆ ಮಹಾರಾಣಿಯ ಮರಣಶಯ್ಯೆಯ ಮಾತಿನ ನಡುವೆ ಚಿಕ್ಕಮ್ಮನ ಹೊಟ್ಟೆ ಗುರುಗುಟ್ಟಿತಂತೆ. "ತಾಯಿ, ಮಹಾರಾಣಿ ಸಾಯ್ತಿರೋದು ಕಾಯಿಲೆಯಿಂದ, ಹಸಿವಿಂದ ಅಲ್ಲ. ಹೋಗಿ ಎರಡು ಬ್ರೆಡ್ಡು ತಿಂದು ಬನ್ನಿ" ಎಂದರಂತೆ ರಾಯರು.

ಇಪ್ಪತ್ತೆರಡು ವರ್ಷ ಅವಳು ದಾದಿಯರಿಗೆ, ದಾಸಿಯರಿಗೆ, ನಾಯಕಿಯ ಗೆಳತಿಯರಿಗೆ, ಸಂತೆಯ ಗದ್ದಲಕ್ಕೆ, ಒಂದೆರಡು ಬಾರಿ ಕುದುರೆಗೂ ದನಿ ಕೊಟ್ಟಳು. ತೆರೆಯ ಮೇಲಿನ ಮುತ್ತಿಗೆ ತನ್ನ ಮುಂಗೈಯನ್ನೇ ಚುಂಬಿಸಿ ಸದ್ದು ಮಾಡುವುದನ್ನು ಕಲಿತಳು. ಆ ಸ್ಟುಡಿಯೊದ ಮುಖ್ಯ ಆದಾಯ ಒಂದೇ ಬಗೆಯ ಚಿತ್ರಗಳಿಂದ: ವರ್ಷದ ಕೊನೆಯ ರಜೆಯಲ್ಲಿ ಟಿ.ವಿ.ಯಲ್ಲಿ ಬರುವ ಪ್ರೇಮಕಥೆಗಳು. ಅವುಗಳಲ್ಲಿ ಯಾವಾಗಲೂ ಹಿಮ ಬೀಳುತ್ತಿರುತ್ತದೆ. ಭೂಪಟದಲ್ಲಿಲ್ಲದ ಪುಟ್ಟ ರಾಜ್ಯವೊಂದಿರುತ್ತದೆ. ಅಲ್ಲಿಯ ರಾಜಕುಮಾರಿಗೂ ಯಾವುದೋ ಊರಿನ ಬಡ ಹುಡುಗಿಗೂ ಒಂದೇ ಮುಖ. ಇಬ್ಬರೂ ವಾರದ ಮಟ್ಟಿಗೆ ಜಾಗ ಬದಲಿಸಿಕೊಳ್ಳುತ್ತಾರೆ, ಇಬ್ಬರಿಗೂ ತಪ್ಪು ಜಾಗದಲ್ಲಿ ಸರಿಯಾದ ಗಂಡು ಸಿಗುತ್ತಾನೆ.

ಇವನ್ನು ನೋಡುವಾಗ ನನ್ನ ಬಾಯಿ ಸುಮ್ಮನಿರುತ್ತಿರಲಿಲ್ಲ. "ಚಿಕ್ಕಮ್ಮ, ಆ ರಾಜ್ಯದ ಜನರೆಲ್ಲ ಅರಮನೆಯಲ್ಲೇ ಕುಣೀತಾ ಇರ್ತಾರಲ್ಲ, ಹೊಲ ಉಳೋರು ಯಾರು? ಸಂಬಂಧವೇ ಇಲ್ಲದ ಇಬ್ಬರಿಗೆ ಕಿವಿಯ ಅಂಚಿನವರೆಗೂ ಒಂದೇ ರೂಪ ಬರೋ ಸಂಭವ ಎಷ್ಟು ಗೊತ್ತಾ?"

"ನಿನ್ನ ಪುಸ್ತಕದಲ್ಲಿ ಪೆಟ್ಟಿಗೆಯೊಳಗಿನ ಬೆಕ್ಕು ಸತ್ತೂ ಇರುತ್ತೆ, ಬದುಕಿಯೂ ಇರುತ್ತೆ ಅಂತ ಹೋದ ವಾರ ನೀನೇ ಹೇಳ್ದೆ. ನಾನು ಏನಾದ್ರೂ ಅಂದ್ನಾ? ನಮ್ಮ ಹುಡುಗಿ ರಾಜಕುಮಾರಿಯೂ ಹೌದು, ಬೇಕರಿಯವಳೂ ಹೌದು. ಬಾಯಿ ಮುಚ್ಕೊಂಡು ನೋಡು."

ಅವಳಿಗೆ ಆ ಚಿತ್ರಗಳ ಬಗ್ಗೆ ಕಿಂಚಿತ್ತೂ ನಾಚಿಕೆಯಿರಲಿಲ್ಲ. ಒಂದೇ ಒಂದು ಆಸೆಯಿತ್ತು; ಅದನ್ನು ಮರೆಮಾಚುತ್ತಲೂ ಇರಲಿಲ್ಲ. "ಇಪ್ಪತ್ತೆರಡು ವರ್ಷ ನಾಯಕಿಗೆ ಬಾಗಿಲು ತೆಗೆದಿದ್ದೀನಿ. ಒಂದು ಸಲ ಆ ಬಾಗಿಲಿಂದ ನಾನೇ ಒಳಗೆ ಬರಬೇಕು" ಎನ್ನುತ್ತಿದ್ದಳು.

ಅವಳ ಐವತ್ತಮೂರನೆಯ ವಯಸ್ಸಿನಲ್ಲಿ ಬಾಗಿಲು ತೆರೆಯಿತು. ನಾಯಕಿಯರ ದನಿಯಾಗಿದ್ದವರು ಗಂಟಲಿಗೆ ಚಿಕಿತ್ಸೆ ಮಾಡಿಸಿಕೊಂಡರು. ಮೂರು ತಿಂಗಳು ಪಿಸುಮಾತೂ ಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ರಜೆಯ ಮೊದಲ ದಿನ ಪ್ರಸಾರವಾಗಬೇಕಾದ ಚಿತ್ರ ಆಗಲೇ ಬಂದು ಕುಳಿತಿತ್ತು. ಕಿವಿರಾಯರ ಶಿಫಾರಸಿನ ಮೇಲೆ ಸ್ಟುಡಿಯೊದ ಯಜಮಾನರು ಎರಡೂ ಪಾತ್ರಗಳನ್ನು, ರಾಜಕುಮಾರಿಯನ್ನೂ ಬೇಕರಿಯ ಹುಡುಗಿಯನ್ನೂ, ಚಿಕ್ಕಮ್ಮನಿಗೆ ಒಪ್ಪಿಸಿದರು. ಅನುಮಾನದಿಂದಲೇ ಒಪ್ಪಿಸಿದರೆನ್ನಬೇಕು. ಸಾಬೂನಿನ ಜಾಹೀರಾತಿಗೆ ದನಿ ಕೊಟ್ಟು ಹೆಸರಾಗಿದ್ದ ಯುವತಿಯೊಬ್ಬಳು ಬೇಕೆಂದಾಗ ಬರಲು ಸಿದ್ಧಳಿದ್ದಳು.

ಚಿಕ್ಕಮ್ಮನ ಮನೆ ಆ ವಾರ ನಾಟಕಶಾಲೆಯಾಯಿತು. ಚಿಕ್ಕಪ್ಪ ಗಡಿಯಾರ ರಿಪೇರಿ ಮಾಡುವವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ತಲೆಯೆತ್ತಿ ಕೇಳುತ್ತಿದ್ದರು:

"ಇವತ್ತು ಟೀ ಮಾಡೋದು ರಾಜಕುಮಾರೀನೋ, ಬೇಕರಿಯವಳೋ?"

"ರಾಜಕುಮಾರಿ. ಅದಕ್ಕೇ ನೀವೇ ಎದ್ದು ಮಾಡಿ."

ಎರಡು ದನಿಗಳನ್ನು ಒಂದೇ ದಿನ ಎಳೆದರೆ ಗಂಟಲು ಒಡೆಯುತ್ತದೆ. ಆದ್ದರಿಂದ ಚಿಕ್ಕಮ್ಮ ಸಂಭಾಷಣೆಯ ಹಾಳೆಗಳಲ್ಲಿ ರಾಜಕುಮಾರಿಯ ಮಾತುಗಳ ಕೆಳಗೆ ಕೆಂಪು ಗೆರೆ, ಬೇಕರಿಯವಳ ಮಾತುಗಳ ಕೆಳಗೆ ನೀಲಿ ಗೆರೆ ಎಳೆದುಕೊಂಡಳು. ಎರಡು ದಿನ ಕೆಂಪು ಗೆರೆಯ ಮಾತುಗಳನ್ನು ಮಾತ್ರ, ಮತ್ತೆರಡು ದಿನ ನೀಲಿ ಗೆರೆಯವನ್ನು ಮಾತ್ರ ಹೇಳಿ ಮುಗಿಸಿದಳು. ಕೆಲಸ ಹಾಯಾಗಿ ಸಾಗಿತು. ಐದನೆಯ ದಿನ ಕಿವಿರಾಯರು ಎಲ್ಲವನ್ನೂ ಕ್ರಮವಾಗಿ ಜೋಡಿಸಿ ಕೇಳಿದರು. ಕೇಳಿ, ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನನ್ನು ಮೆಲ್ಲಗೆ ತೆಗೆದು ಮೇಜಿನ ಮೇಲಿಟ್ಟರು.

"ತಾಯಿ, ಇವರಿಬ್ಬರೂ ಜಾಗ ಬದಲಾಯಿಸ್ಕೊಂಡೇ ಇಲ್ಲ."

ಆದದ್ದಿಷ್ಟು. ಸಂಭಾಷಣೆ ಬರೆದವರು ಚಿತ್ರವನ್ನು ನೋಡುತ್ತ, ಪ್ರತಿ ಮಾತಿನ ಪಕ್ಕದಲ್ಲಿ ಪಾತ್ರದ ಗುರುತು ಹಾಕುತ್ತ ಹೋಗಿದ್ದರು. ಏಪ್ರನ್ ಕಟ್ಟಿದವಳು ಕಂಡರೆ 'ಬೇಕರಿ', ಕಿರೀಟ ಧರಿಸಿದವಳು ಕಂಡರೆ 'ರಾಜಕುಮಾರಿ'. ಆದರೆ ಕಥೆಯ ನಡುವಿನ ನಲವತ್ತು ನಿಮಿಷ ಏಪ್ರನ್ನಿನೊಳಗೆ ಇರುವವಳು ರಾಜಕುಮಾರಿ, ಕಿರೀಟದ ಕೆಳಗಿರುವವಳು ಬೇಕರಿಯವಳು! ಚಿಕ್ಕಮ್ಮ ಹಾಳೆಯ ಗುರುತನ್ನು ನಂಬಿ ಗೆರೆ ಎಳೆದಿದ್ದಳು. ತೆರೆಯ ಮೇಲೆ ನೋಡಿಯೂ ತಿಳಿಯಲಿಲ್ಲವೇ ಎಂದರೆ, ತಿಳಿಯುವುದು ಹೇಗೆ? ಇಬ್ಬರದೂ ಒಂದೇ ಮುಖ. ಮೇಲಾಗಿ ದನಿ ಕೊಡುವವರು ಕೆಲಸ ಮಾಡುವುದು ಹತ್ತು ಹತ್ತು ಸೆಕೆಂಡಿನ ತುಣುಕುಗಳಲ್ಲಿ, ಕಥೆಯ ಕ್ರಮ ತಪ್ಪಿಸಿ. ಹೀಗಾಗಿ ಕಣ್ಣಿಗೆ ಅದಲುಬದಲಿನ ಕಥೆ, ಕಿವಿಗೆ ಏನೂ ನಡೆಯದ ಕಥೆ. ಊಟದ ಮೇಜಿನಲ್ಲಿ ಯಾವ ಚಮಚ ಹಿಡಿಯಬೇಕೆಂದು ತಿಳಿಯದೆ ಒದ್ದಾಡುವವಳು ಅಪ್ಪಟ ರಾಜಕುಮಾರಿಯ ದನಿಯಲ್ಲಿ ಮಾತನಾಡುತ್ತಿದ್ದಳು. ಹುಟ್ಟಿದಾಗಿನಿಂದ ಅರಮನೆಯಲ್ಲಿದ್ದವಳಿಗೆ ಇದ್ದಕ್ಕಿದ್ದಂತೆ ತಲೆ ಕೆಟ್ಟಿತೇನೋ ಎಂಬಂತೆ.

ಯಜಮಾನರು ಬಂದು ನಿಂತರು. ಎದೆ ತುಂಬ ಉಸಿರೆಳೆದುಕೊಂಡರು.

"ನೋಡಿ ಅಮ್ಮಾ, ಪ್ರಸಾರಕ್ಕೆ ಇನ್ನು ಮೂರೇ ದಿನ. ನಾಳೆಯಿಂದಲೇ ಇಬ್ಬರು ಹುಡುಗೀರನ್ನ ಕರೆಸಿ ಎಲ್ಲಾ ಹೊಸದಾಗಿ ಮಾಡಿಸ್ತೀನಿ. ಎರಡು ಪಾತ್ರ, ಎರಡು ಗಂಟಲು. ನೋಡೋರಿಗೂ ಗೊಂದಲ ಇಲ್ಲ."

"ತಪ್ಪಿರೋದು ನಲವತ್ತು ನಿಮಿಷ ಮಾತ್ರ. ನಾಳೆ ಒಂದು ದಿನ ಕೊಡಿ" ಎಂದಳು ಚಿಕ್ಕಮ್ಮ.

"ಕೊಟ್ಟೆ ಅಂದ್ಕೊಳ್ಳಿ. ಇವಳು ಅವಳ ಹಾಗೆ, ಅವಳು ಇವಳ ಹಾಗೆ ನಟಿಸುವಾಗ ಒಂದೇ ಗಂಟಲಲ್ಲಿ ಯಾರು ಯಾರು ಅಂತ ಯಾರಿಗೆ ಗೊತ್ತಾಗುತ್ತೆ?"

"ಗೊತ್ತಾಗೋ ಹಾಗೆ ಮಾಡ್ತೀನಿ."

ಯಜಮಾನರು ಯೋಚಿಸಿದರು. ಅವರ ತಾಯಿಗೆ ಎಪ್ಪತ್ತೆಂಟು ವರ್ಷ. ಕಣ್ಣು ಪೂರ್ತಿ ಹೋಗಿ ಎರಡು ವರ್ಷಗಳಾಗಿದ್ದವು. ಆದರೂ ದಿನವಿಡೀ ಟಿ.ವಿ.ಯ ಮುಂದೆ ಕುಳಿತು ಚಿತ್ರಗಳನ್ನು ಕೇಳುತ್ತಿದ್ದರು. "ಸರಿ, ನಾಳೆ ಸಂಜೆವರೆಗೆ. ಆಮೇಲೆ ನಮ್ಮಮ್ಮನಿಗೆ ಕೇಳಿಸೋಣ. ಬರೀ ಕಿವೀಲಿ ಕೇಳಿ ಇವಳು ರಾಜಕುಮಾರಿ, ಇವಳು ಬೇಕರಿಯವಳು ಅಂತ ಅವರು ಹೇಳಿದ್ರೆ ನಿಮ್ಮ ದನೀನೇ ಇರಲಿ. ಇಲ್ಲದಿದ್ರೆ ಬೇಜಾರು ಮಾಡ್ಕೋಬಾರದು."

ಚಿಕ್ಕಮ್ಮ ನನಗೆ ಫೋನು ಮಾಡಿದ್ದು ಇದಾದ ಅರ್ಧ ಗಂಟೆಯ ಮೇಲೆ. ನನ್ನಿಂದ ಪ್ರಯೋಜನವಿಲ್ಲವೆಂದು ಖಚಿತವಾದ ಬಳಿಕ ಅವಳು ಬೀದಿಯ ಕೊನೆಯ ಬೇಕರಿಗೆ ಹೋಗಿ, ಮೂಲೆಯ ಸ್ಟೂಲಿನಲ್ಲಿ ಒಂದು ಬನ್ನು ಹಿಡಿದು ಎರಡು ಗಂಟೆ ಕುಳಿತಳು. ಅಲ್ಲಿಯ ಮಾಲೀಕನ ಹೆಂಡತಿ ಒಂದು ಕೈಯಲ್ಲಿ ಹಿಟ್ಟು, ಇನ್ನೊಂದರಲ್ಲಿ ಪೊಟ್ಟಣ ಹಿಡಿದೇ ಮಾತನಾಡುವವಳು.

"ಇದು ಇವತ್ತಿಂದೇ ಅಣ್ಣಾ, ಮುಟ್ಟಿ... ಮುಟ್ಟಿ ನೋಡಿ ಬೇಕಾದ್ರೆ. ಅಕ್ಕಾ ಒಂದ್ನಿಮಿಷ... ಬಂದೆ. ಏನು ಮೇಡಂ, ಬನ್ನು ತಿನ್ನೋಕೆ ಆಗ್ತಿಲ್ವಾ? ಗಟ್ಟಿ... ಇದೆಯಾ?"

"ಇಲ್ಲಮ್ಮ, ನಿಮ್ಮ ಮಾತು ಕೇಳ್ತಾ ತಿನ್ನೋದೇ ಮರೆತೆ" ಎಂದಳಂತೆ ಚಿಕ್ಕಮ್ಮ.

ಆ ಸಂಜೆ ಮತ್ತೆ ಫೋನು ಬಂತು. ದನಿಯಲ್ಲಿ ಹಿಗ್ಗು ತುಳುಕುತ್ತಿತ್ತು. "ಸಿಕ್ತು ಕಣೋ! ದನಿಯಲ್ಲಿಲ್ಲ, ಉಸಿರಲ್ಲಿದೆ. ಬೇಕರಿಯವಳು ಮಾತಿನ ಮಧ್ಯೆ ಉಸಿರಾಡ್ತಾಳೆ. ಕೈಯಲ್ಲಿ ಕೆಲಸ ಇರುತ್ತಲ್ಲ, ಎಲ್ಲಿ ಬಿಡುವು ಸಿಗುತ್ತೋ ಅಲ್ಲಿ. ರಾಜಕುಮಾರಿ ಮೊದಲು ಎದೆ ತುಂಬ ಉಸಿರು ತಗೊಂಡು, ಆಮೇಲೆ ಮಾತು ಶುರು ಮಾಡ್ತಾಳೆ. ಅವಳ ಮಾತಿಗೆ ಅಡ್ಡ ಬಾಯಿ ಹಾಕೋರು ಯಾರು? ದನಿ ಯಾರದು ಬೇಕಾದ್ರೂ ಕದೀಲಿ, ಉಸಿರು ಕದಿಯೋಕಾಗಲ್ಲ."

"ಬೇಕರಿಯವಳ ಉಸಿರು ಬೇಕರೀಲಿ ಸಿಕ್ತು, ಸರಿ. ರಾಜಕುಮಾರಿಯನ್ನ ಎಲ್ಲಿ ನೋಡ್ದೆ?"

"ಅಯ್ಯೋ, ನಮ್ಮ ಸ್ಟುಡಿಯೊ ಯಜಮಾನರಿದ್ದಾರಲ್ಲ! 'ನೋಡಿ ಅಮ್ಮಾ' ಅನ್ನೋಕೆ ಮುಂಚೆ ಒಂದು ಕೊಳದ ನೀರು ಕುಡಿದಷ್ಟು ಗಾಳಿ ತಗೋತಾರೆ."

ಮರುದಿನ ಬೆಳಗಿನಿಂದ ಮಧ್ಯಾಹ್ನ ಮೂರರವರೆಗೆ ಅವಳು ನಲವತ್ತು ನಿಮಿಷದ ಮಾತನ್ನು ಮತ್ತೆ ಹೇಳಿದಳು. ಈ ಬಾರಿ ಕಥೆಯ ಕ್ರಮದಲ್ಲೇ, ಒಂದು ಮಾತಿಗೆ ಅರಮನೆ, ಮರುಮಾತಿಗೆ ಬೇಕರಿ ಎಂಬಂತೆ ಜಿಗಿಯುತ್ತ. ಏಪ್ರನ್ನಿನ ರಾಜಕುಮಾರಿ ಬೇಕರಿಯ ಗಡಸನ್ನು ಅನುಕರಿಸಿದಳು, ಉಸಿರು ಮಾತ್ರ ಅರಮನೆಯದು. ಕಿರೀಟದ ಬೇಕರಿಯವಳು ಮೆಲುದನಿಯನ್ನು ಎರವಲು ತಂದಳು, ಆದರೆ ವಾಕ್ಯದ ನಡುವೆ ಎಲ್ಲೋ ಒಂದು ಕಡೆ ಗುಟುಕು ಗಾಳಿ ಎಳೆದುಕೊಂಡಳು. ಉಸಿರಿನ ಸದ್ದನ್ನು ಕತ್ತರಿಸಿ ತೆಗೆಯುವುದೇ ಜನ್ಮದ ಕಸುಬಾಗಿದ್ದ ಕಿವಿರಾಯರು ಅಂದು ಒಂದನ್ನೂ ಕತ್ತರಿಸಲಿಲ್ಲ.

ಸಂಜೆ ನಾಲ್ಕು ಮಂದಿ ಯಜಮಾನರ ಮನೆಗೆ ಹೋದೆವು: ಯಜಮಾನರು, ರಾಯರು, ಚಿಕ್ಕಮ್ಮ, ನಾನು. ನನ್ನನ್ನು ಚಿಕ್ಕಮ್ಮನೇ ಕರೆದೊಯ್ದಿದ್ದಳು. "ಪರೀಕ್ಷೆ ಅಂದ್ರೆ ಹೇಗಿರಬೇಕು ಅಂತ ಊರಿಗೆಲ್ಲ ಪಾಠ ಹೇಳ್ತೀಯ. ಈಗ ನನಗೆ ಮಾಡು" ಎಂದಿದ್ದಳು. ಸಿಕ್ಕ ಅವಕಾಶವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ರಾಯರಿಂದ ಹನ್ನೆರಡು ಮಾತುಗಳನ್ನು ಆಯ್ಕೆ ಮಾಡಿಸಿದೆ. ಒಂದರಿಂದ ಹನ್ನೆರಡರವರೆಗೆ ಚೀಟಿ ಬರೆದು ಟೀ ಲೋಟದಲ್ಲಿ ಹಾಕಿ ಕುಲುಕಿದೆ. ಯಜಮಾನರು ಎತ್ತಿದ ಚೀಟಿಯ ಕ್ರಮದಲ್ಲೇ ಮಾತುಗಳು ಕೇಳಿಬರಬೇಕು. ಸುಮ್ಮನೆ ಊಹಿಸುವವರಿಗೆ ಹನ್ನೆರಡರಲ್ಲಿ ಆರು ಸರಿಯಾದೀತು. ಹತ್ತು ಅಥವಾ ಅದಕ್ಕೆ ಮೇಲೆ ಬರುವ ಸಂಭವ ನೂರಕ್ಕೆ ಎರಡರಷ್ಟೂ ಇಲ್ಲ. ಹತ್ತು ಬಂದರೆ ಗೆದ್ದಂತೆ ಎಂದು ಎಲ್ಲರೂ ಒಪ್ಪಿದರು. ಇಂಥ ಪ್ರಯೋಗಗಳಲ್ಲಿ ಉತ್ತರ ತಿಳಿದವರು ಮುಖದಲ್ಲಿ ಸುಳಿವು ಕೊಡದಂತೆ ಅವರನ್ನು ಹೊರಗೆ ಕಳಿಸುವುದು ವಾಡಿಕೆ. ಕಣ್ಣು ಕಾಣದವರಿಗೆ ಮುಖದ ಸುಳಿವು ಎಲ್ಲಿಯದು ಎಂದು ಆ ಎಚ್ಚರಿಕೆಯೊಂದನ್ನು ಕೈಬಿಟ್ಟೆ.

ಅಜ್ಜಿಯ ಕೋಣೆಯಲ್ಲಿ ಟಿ.ವಿ. ಗೋಡೆ ನಡುಗುವಂತೆ ಕೂಗುತ್ತಿತ್ತು. ಯಜಮಾನರು ಅದನ್ನು ಆರಿಸಿ, ನಾವು ಬಂದ ಕಾರಣವನ್ನು ಗಟ್ಟಿಯಾಗಿ ವಿವರಿಸಿದರು.

"ದನಿ ಯಾರದು? ಎಲ್ಲಿ, ಬಾ ಮಗಳೇ, ಹತ್ತಿರ ಕೂತ್ಕೋ" ಎಂದು ಅಜ್ಜಿ ಚಿಕ್ಕಮ್ಮನನ್ನು ಹಾಸಿಗೆಯ ಅಂಚಿನಲ್ಲಿ ಕೂರಿಸಿ ಅವಳ ಕೈ ಹಿಡಿದುಕೊಂಡರು. "ಇವನು ನಿನ್ನ ಕೆಲಸ ಕಿತ್ಕೋತೀನಿ ಅಂದ್ನಾ? ಚಿಕ್ಕವನಿದ್ದಾಗ ಪೆನ್ಸಿಲ್ ಕಿತ್ಕೊಳ್ತಿದ್ದ."

"ಅಮ್ಮಾ, ಸುಮ್ನೆ ಕೇಳಿ ಹೇಳಿ."

"ನೀನು ಸುಮ್ನಿರು. ಪರೀಕ್ಷೆ ಬರೀತಿರೋಳು ನಾನು."

ಮೊದಲ ಮಾತು ಕೇಳಿಬಂತು. ಅಜ್ಜಿ ತಲೆ ವಾಲಿಸಿದರು. "ಬೇಕರಿ" ಎಂದರು. ಸರಿಯಾಗಿತ್ತು. ಎರಡನೆಯದು: "ಇದೂ ಬೇಕರಿ. ಪಾಪ, ಅರಮನೇಲಿ ಸಿಕ್ಕಿಹಾಕ್ಕೊಂಡಿದೆ." ಅದೂ ಸರಿ. ಮೂರು, ನಾಲ್ಕು, ಐದು, ಆರು ಎಲ್ಲವೂ ಸರಿಯಾದವು. ಯಜಮಾನರು ಉಸಿರು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದರು. ಏಳನೆಯದು ತಪ್ಪಿತು. ರಾಯರು ತುಟಿ ಕಚ್ಚಿಕೊಂಡರು. ಅಲ್ಲಿಂದ ಮುಂದೆ ಅಜ್ಜಿ ಮತ್ತೆ ತಪ್ಪಲಿಲ್ಲ. ಹನ್ನೆರಡನೆಯದಕ್ಕೆ, "ಇವಳಪ್ಪಾ ರಾಜಕುಮಾರಿ ಅಂದ್ರೆ! ಬಿಗುಮಾನ ನೋಡು" ಎಂದು ನಕ್ಕರು. ಹನ್ನೆರಡಕ್ಕೆ ಹನ್ನೊಂದು.

"ಇನ್ನೇನಪ್ಪ ನಿನ್ನ ಲೆಕ್ಕ?" ಎಂದರು ಯಜಮಾನರು ನನ್ನತ್ತ ತಿರುಗಿ.

"ಊಹೆಯಿಂದ ಇಷ್ಟು ಬರೋದು ಸಾವಿರಕ್ಕೆ ಮೂರು ಸಲ" ಎಂದೆ.

ಚಿಕ್ಕಮ್ಮ ಅಳುತ್ತಾಳೇನೋ ಎಂದುಕೊಂಡೆವು. ಅವಳು ನಕ್ಕಳು, ಇಪ್ಪತ್ತೆರಡು ವರ್ಷಗಳ ಹಿಂದೆ ಗಾಜಿನ ಈಚೆ ನಕ್ಕಂತೆಯೇ ಇರಬೇಕು, ಏಕೆಂದರೆ ರಾಯರ ಕೈ ತನ್ನಷ್ಟಕ್ಕೆ ಇಲ್ಲದ ಗುಂಡಿಯೊಂದನ್ನು ಒತ್ತಲು ಹೋಯಿತು. ಯಜಮಾನರು ಎದೆ ತುಂಬ ಗಾಳಿ ಎಳೆದು, "ನೋಡಿ ಅಮ್ಮಾ" ಎಂದು ಆರಂಭಿಸುತ್ತಿದ್ದಂತೆ ನಾವು ಮೂವರೂ ಇನ್ನಷ್ಟು ನಗತೊಡಗಿದೆವು. ಕಾರಣ ತಿಳಿಯದೆ ಅವರೂ ಸೇರಿಕೊಂಡರು.

ಚಿತ್ರ ರಜೆಯ ಮೊದಲ ದಿನ ಪ್ರಸಾರವಾಯಿತು. ಚಿಕ್ಕಪ್ಪ ಅಂಗಡಿಗೆ ಬೀಗ ಹಾಕಿ ಬಂದು, ಎಂದೂ ಅಂಥ ಚಿತ್ರದ ಅರ್ಧ ದಾಟದೆ ನಿದ್ದೆ ಹೋಗುತ್ತಿದ್ದವರು, ಕೊನೆಯವರೆಗೂ ಎಚ್ಚರವಾಗಿದ್ದರು. "ಇಬ್ಬರನ್ನ ಕಟ್ಟಿಕೊಂಡಿದ್ದೀನಿ ಅಂತ ಗೊತ್ತೇ ಇರಲಿಲ್ಲ" ಎಂದರು. ಗೊಂದಲವಾಯಿತೆಂದು ಯಾರೂ ದೂರಲಿಲ್ಲ. ದೂರಿಲ್ಲದಿರುವುದು ಪುರಾವೆಯಲ್ಲ ಎಂದು ನಾನು ಹೇಳಹೊರಟಾಗ ಚಿಕ್ಕಮ್ಮ ನನ್ನ ಬಾಯಿಗೆ ಒಂದು ತುಂಡು ಕೇಕು ತುರುಕಿದಳು.

ಆಮೇಲಿನ ಹನ್ನೊಂದು ವರ್ಷ ಅವಳು ರಾಜಕುಮಾರಿಯರಿಗೂ, ಅವರ ಪಡಿಯಚ್ಚಾದ ಹೂ ಮಾರುವವರಿಗೂ, ಶಾಲೆಯ ಟೀಚರುಗಳಿಗೂ, ದರ್ಜಿಯ ಹೆಣ್ಣುಮಕ್ಕಳಿಗೂ ದನಿಯಾದಳು. ಜಾಹೀರಾತಿನ ಯುವತಿ ಅವಳ ಬಳಿ ಉಸಿರಿನ ಪಾಠ ಕಲಿಯಲು ಬರುತ್ತಿದ್ದಳು. ಚಿಕ್ಕಮ್ಮ ಅವಳನ್ನು ಮೊದಲು ಬೇಕರಿಗೆ ಅಟ್ಟುತ್ತಿದ್ದಳು. ನಾನಂತೂ ಆ ಸಂಜೆಯ ಕಥೆಯನ್ನು ಸಿಕ್ಕವರಿಗೆಲ್ಲ ಹೇಳಿದೆ. ಅಭಿಪ್ರಾಯವನ್ನು ಅಂಕೆಯಿಂದ ಪರೀಕ್ಷಿಸುವುದು ಹೇಗೆಂಬುದಕ್ಕೆ ಅದಕ್ಕಿಂತ ಶುದ್ಧವಾದ ಉದಾಹರಣೆ ನನಗೆ ಬೇರೆ ಗೊತ್ತಿರಲಿಲ್ಲ.

ಕಳೆದ ವರ್ಷ, ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ಎರಡು ದಿನದ ಕಾಯಿಲೆಯಲ್ಲಿ ಚಿಕ್ಕಮ್ಮ ತೀರಿಕೊಂಡಳು. ಹಿಂದಿನ ವಾರವಷ್ಟೇ ಒಂದು ಚಿತ್ರ ಮುಗಿಸಿದ್ದಳು. ಸುದ್ದಿ ತಿಳಿದ ಯಜಮಾನರ ತಾಯಿ ನನ್ನನ್ನು ನೋಡಬೇಕೆಂದು ಹೇಳಿ ಕಳಿಸಿದರು. ತೊಂಬತ್ತರ ಹೊಸ್ತಿಲಲ್ಲಿದ್ದರು, ಎರಡೂ ಕಿವಿಗೆ ಯಂತ್ರ ಬಂದಿತ್ತು. ಚಿಕ್ಕಮ್ಮನ ಬಗ್ಗೆ ಬಹಳ ಹೊತ್ತು ಮಾತನಾಡಿದೆವು, ಹೆಚ್ಚಾಗಿ ನಕ್ಕೆವು. ಏಳುವ ಮುನ್ನ ನಾನು, ಅಂದು ಅಷ್ಟು ಸೂಕ್ಷ್ಮವಾದ ಉಸಿರನ್ನು ಹೇಗೆ ಹಿಡಿದಿರಿ ಎಂದು ಮೆಚ್ಚುಗೆಯಿಂದ ಕೇಳಿದೆ.

"ಯಾವ ಉಸಿರು? ಕಿವಿ ಆಗಲೇ ಮಂದ ಆಗಿತ್ತಪ್ಪ. ಯಾರೋ ಮಾತಾಡ್ತಿದ್ದಾರೆ ಅಂತ ಗೊತ್ತಾಗ್ತಿತ್ತು, ಯಾರು ಅಂತ ಗೊತ್ತಾಗ್ತಿರಲಿಲ್ಲ. ಕಣ್ಣು ಹೋಯ್ತು ಅಂತಲೇ ಮಗ ಮನೆಯೆಲ್ಲ ಗದ್ದಲ ಮಾಡಿದ್ದ. ಕಿವೀನೂ ಇಲ್ಲ ಅಂದ್ರೆ ಟಿ.ವಿ. ತೆಗೆದುಬಿಡ್ತಾನೆ ಅಂತ ಹೇಳಿರಲಿಲ್ಲ."

"ಮತ್ತೆ ಹನ್ನೊಂದು ಹೇಗೆ ಸರಿ ಬಂತು?"

"ಅವಳ ಕೈ ನನ್ನ ಕೈಯೊಳಗಿತ್ತಲ್ಲ. ಬೇಕರಿಯವಳು ಮಾತಾಡಿದಾಗೆಲ್ಲ ಬೆರಳು ಹಿಟ್ಟು ನಾದೋ ಹಾಗೆ ಆಡೋದು. ರಾಜಕುಮಾರಿ ಬಂದ್ರೆ ಕೈ ಅಲ್ಲಾಡದೆ ತಣ್ಣಗೆ ಕೂತುಬಿಡೋದು. ಅವಳಿಗೆ ಅದು ಗೊತ್ತೇ ಇರಲಿಲ್ಲ, ಪಾಪ."

"ಹಾಗಾದ್ರೆ ಆ ಏಳನೆಯದು?"

"ಆಗ ಸೀನು ಬಂತು ಅಂತ ಕೈ ಬಿಡಿಸ್ಕೊಂಡ್ಲು" ಎಂದರು ಅಜ್ಜಿ. "ಅದೊಂದು ಮಾತ್ರ ನಾನು ಕಿವೀಲಿ ಕೇಳಿ ಹೇಳಿದ್ದು."